ದೊಡ್ಡತ್ತೆಯ ಅರ್ಧ ಉಡುಗೊರೆಗಳು

ಕಳ್ಳರು ನುಗ್ಗಿದ ಮನೆ ನಾಲ್ಕು ದಿನ ಅತ್ತು ಸುಧಾರಿಸಿಕೊಳ್ಳುತ್ತದೆ. ನಮ್ಮ ದೊಡ್ಡತ್ತೆ ಉಡುಗೊರೆ ಕೊಟ್ಟು ಹೋದ ಮನೆ ಸುಧಾರಿಸಿಕೊಂಡದ್ದನ್ನು ಮಾತ್ರ ನಾನು ಕಂಡಿಲ್ಲ! ಮಳವಳ್ಳಿಯಿಂದ ಮದ್ದೂರಿನವರೆಗೆ, ಮದ್ದೂರಿನಿಂದ ಮಂಡ್ಯದವರೆಗೆ ನಮ್ಮ ನೆಂಟರಿಷ್ಟರ ಯಾವ ಮನೆಯಲ್ಲಿ ಮಗು ಹುಟ್ಟಿದರೂ ಮೊದಲು ಸಂತೋಷ, ಅದರ ಬೆನ್ನಿಗೇ ಒಂದು ದಿಗಿಲು. ದೊಡ್ಡತ್ತೆಗೆ ಸುದ್ದಿ ಮುಟ್ಟಿತೋ ಹೇಗೆ? ಮುಟ್ಟದೆ ಇರುತ್ತದೆಯೇ? ಮಳವಳ್ಳಿ ಬಸ್ಸಿನಿಂದ ಕೈಚೀಲ ಹಿಡಿದು ಅವಳು ಇಳಿದಳೆಂದರೆ, ಅಲ್ಲಿಯವರೆಗೆ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದ ಗಂಡಸರಿಗೆಲ್ಲ ಗದ್ದೆಯ ಕೆಲಸ ನೆನಪಾಗುತ್ತಿತ್ತು.

ಆ ಚೀಲದಲ್ಲಿ ಏನಿರುತ್ತಿತ್ತು ಎಂದು ಕೇಳುತ್ತೀರಾ? ಹಾವೂ ಅಲ್ಲ, ಚೇಳೂ ಅಲ್ಲ. ಬುಗುರಿ, ಗೋಲಿ, ಗಾಳಿಪಟ, ಜೋಳದ ದಂಟಿನ ಬೆಂಡಿನಲ್ಲಿ ಮಾಡಿದ ಗಾಡಿ. ಸಂತೆಯಲ್ಲಿ ಕೊಂಡರೆ ಕಾಸಿನ ಸಾಮಾನು, ಹೊಲದ ಬದುವಿನಲ್ಲಿ ಆಯ್ದುಕೊಂಡರೆ ಆ ಕಾಸೂ ಬೇಡ. ಆದರೆ ಅವಳು ಯಾವ ಉಡುಗೊರೆಯನ್ನೂ ಪೂರ್ತಿಯಾಗಿ ಮಗುವಿನ ಕೈಗೆ ಕೊಟ್ಟವಳಲ್ಲ. ಅರ್ಧ ಮಗುವಿಗೆ, ಇನ್ನರ್ಧ ಅದರ ಅಪ್ಪನಿಗೆ! ಗಾಡಿ ಮಗುವಿಗೆ ಕೊಟ್ಟರೆ ಚಕ್ರ ಅಪ್ಪನಿಗೆ. ಗಾಳಿಪಟ ಮಗುವಿಗೆ ಕೊಟ್ಟರೆ ದಾರದ ಉಂಡೆ ಅಪ್ಪನಿಗೆ. ಮಗು ಅಳುತ್ತ ಅಪ್ಪನನ್ನು ಹುಡುಕಿಕೊಂಡು ಹೋಗಬೇಕು, ಅಪ್ಪ ಇದ್ದ ಕೆಲಸ ಬಿಟ್ಟು ನೆಲದ ಮೇಲೆ ಕೂತು ಎರಡನ್ನೂ ಜೋಡಿಸಬೇಕು. ಅದು ಅವಳ ಹೂಟ.

ಇದರಲ್ಲಿ ಹೌಹಾರುವಂಥದ್ದೇನಿದೆ ಎಂದು ಈಗಿನವರು ಕೇಳಬಹುದು. ನಾನು ಹೇಳುತ್ತಿರುವುದು ಮಂಡ್ಯಕ್ಕೆ ಇನ್ನೂ ಜಿಲ್ಲೆಯ ಪಟ್ಟ ಬಾರದಿದ್ದ ಕಾಲದ ಮಾತು. ನಾಲೆಯ ನೀರು ಹರಿದು, ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆ ಬಿಡಲು ತೊಡಗಿ, ರಾಗಿ ಹೊಲಗಳೆಲ್ಲ ಒಂದೊಂದಾಗಿ ಕಬ್ಬಿನ ಗದ್ದೆಗಳಾಗುತ್ತಿದ್ದ ದಿನಗಳು. ನೀರು ಹೊಸದು, ಮರ್ಯಾದೆ ಮಾತ್ರ ಹಳೆಯದೇ. ಆ ಮರ್ಯಾದೆಯ ಪ್ರಕಾರ ಹಿರಿಯರ ಕಣ್ಣೆದುರಿಗೆ, ಅದರಲ್ಲೂ ಹೆತ್ತ ತಂದೆಯ ಕಣ್ಣೆದುರಿಗೆ, ಗಂಡಸಾದವನು ತನ್ನ ಮಗುವನ್ನು ಎತ್ತಿಕೊಳ್ಳಬಾರದು. ಮುದ್ದಿಸುವ ಮಾತಂತೂ ದೂರ, ಅದು ಅತ್ತರೆ ತಿರುಗಿ ನೋಡುವುದೂ ನಾಚಿಕೆಗೇಡು. ಅಣ್ಣನ ಮಗುವನ್ನು ಎತ್ತಿಕೊಳ್ಳಬಹುದು. ಪಕ್ಕದ ಮನೆಯ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಮೆರೆಸಬಹುದು. ತನ್ನದನ್ನು ಮುಟ್ಟಿದರೆ ಮಾತ್ರ ಊರು ಮೂಗಿನ ಮೇಲೆ ಬೆರಳಿಡುತ್ತಿತ್ತು. ಮುಂದೆ ಅವನು ತಾತನಾದ ಮೇಲೆ ಮಕ್ಕಳನ್ನು ಎತ್ತಿಕೊಳ್ಳುವ ಪರವಾನಗಿ ತಾನಾಗಿ ಸಿಗುತ್ತಿತ್ತು. ಅಷ್ಟು ಹೊತ್ತಿಗೆ ಸೊಂಟ ಹಿಡಿದುಕೊಂಡಿರುತ್ತಿತ್ತು, ಆ ಮಾತು ಬೇರೆ!

ನನ್ನ ತಂದೆ ಊರಿನ ಪಟೇಲರು. ಮದ್ದೂರಿಗೂ ನಿಡಘಟ್ಟಕ್ಕೂ ನಡುವೆ, ಹೆದ್ದಾರಿಯಿಂದ ಒಂದಿಷ್ಟು ಒಳಕ್ಕೆ ನಮ್ಮೂರು. ಅಪ್ಪ ಬೆಳಗ್ಗೆ ರುಮಾಲು ಸುತ್ತಿ ಜಗುಲಿಯ ಮೇಲೆ ಕೂತರೆಂದರೆ ಬೀದಿಯಲ್ಲಿ ಹೋಗುವವರು ಕೆಮ್ಮುವುದಕ್ಕೂ ಯೋಚನೆ ಮಾಡುತ್ತಿದ್ದರು. ಇಂಥ ಅಪ್ಪ ಹೆದರುತ್ತಿದ್ದ ಪ್ರಾಣಿ ಭೂಮಿಯ ಮೇಲೆ ಒಂದೇ ಒಂದು, ಅವರ ಅಕ್ಕ. ಅಂದರೆ ನಮ್ಮ ದೊಡ್ಡತ್ತೆ. ನಮ್ಮಜ್ಜಿ ಬೇಗ ತೀರಿಕೊಂಡದ್ದರಿಂದ ಅಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳು. ಊರೆಲ್ಲ ಪಟೇಲರೆಂದು ಕೈಮುಗಿಯುವ ಮನುಷ್ಯನನ್ನು ಅವಳು ಬೀದಿಯ ಕೊನೆಯಿಂದಲೇ ‘ಲೇ ತಮ್ಮ’ ಎಂದು ಕೂಗಿಕೊಂಡು ಬರುತ್ತಿದ್ದಳು. ಬಾಯಲ್ಲಿ ಎಲೆಅಡಿಕೆ, ಕಂಕುಳಲ್ಲಿ ಆ ಹಾಳು ಚೀಲ.

ನನ್ನ ಮಗಳ ನಾಮಕರಣದ ದಿನ ನನಗೆ ಮೊದಲ ಏಟು ಬಿತ್ತು. ನೆಂಟರು ಬೆಳ್ಳಿ ಉಡಿದಾರ, ಕಾಲ್ಗಡಗ, ಜರಿಯಂಚಿನ ಕುಲಾವಿ ತಂದು ತೊಟ್ಟಿಲಿಗೆ ಹಾಕುತ್ತಿದ್ದರು. ಗಂಡಸರೆಲ್ಲ ಒಂದು ಕಡೆ ಗಂಭೀರವಾಗಿ ಕೂತಿದ್ದೆವು. ದೊಡ್ಡತ್ತೆ ತೊಟ್ಟಿಲ ಕಡೆ ಹೋಗಲೇ ಇಲ್ಲ. ನೇರವಾಗಿ ನನ್ನ ಮುಂದೆ ಬಂದು ನಿಂತು, ಚೀಲದಿಂದ ಒಂದು ಹಳೆಯ ಸೀರೆಯ ತುಂಡು ತೆಗೆದು, ನಾನು ಏನು ಎತ್ತ ಎನ್ನುವಷ್ಟರಲ್ಲಿ ಅದನ್ನು ನನ್ನ ಹೆಗಲಿನಿಂದ ಸೊಂಟಕ್ಕೆ ಜೋಳಿಗೆಯ ಹಾಗೆ ಬಿಗಿದು ಗಂಟು ಹಾಕಿಬಿಟ್ಟಳು. ಕಳೆ ಕೀಳುವ ಹೆಂಗಸರು ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಾರಲ್ಲ, ಆ ಜೋಳಿಗೆ! ಪಟೇಲರ ಮಗನಿಗೆ! ಅಪ್ಪನ ಗಂಟಲಲ್ಲಿ ಅಡಿಕೆ ಸಿಕ್ಕಿಕೊಂಡು ಕಣ್ಣಲ್ಲಿ ನೀರು ಬಂತು. ಉಳಿದವರ ಕಣ್ಣು ನನ್ನ ಮೇಲೆ.

“ಬೆಳ್ಳಿ ಕೊಟ್ರೆ ಕಳ್ಳ ಒತ್ಕೊಂಡೋಯ್ತಾನೆ” ಎಂದಳು ದೊಡ್ಡತ್ತೆ, ಯಾರೂ ಏನೂ ಕೇಳದಿದ್ದರೂ. “ಅಪ್ಪನ್ನ ಕೊಟ್ರೆ ಯಾವನ್ಲಾ ಕದ್ದಾನು?”

ನಾನು ಹೆಗಲಲ್ಲಿ ಜೋಳಿಗೆ ಇದ್ದ ಹಾಗೆಯೇ ಹಿತ್ತಿಲಿಗೆ ಓಡಿ ಹುಲ್ಲಿನ ಮೆದೆಯ ಹಿಂದೆ ಕೂತುಬಿಟ್ಟೆ. ಊಟಕ್ಕೆ ಕರೆದರೂ ಬರಲಿಲ್ಲ. ಆ ಜೋಳಿಗೆಯನ್ನು ಆಮೇಲೆ ಅವ್ವ ಹಪ್ಪಳ ಒಣಗಿಸುವುದಕ್ಕೆ ಹಾಕಿಕೊಂಡಳು.

ನಮ್ಮ ಮನೆಯವರನ್ನಷ್ಟೇ ಗೋಳು ಹೊಯ್ದುಕೊಂಡಿದ್ದರೆ ನುಂಗಿಕೊಳ್ಳಬಹುದಿತ್ತು. ನಾನು ಆಗ ಮದ್ದೂರಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ನಮ್ಮ ವಂಶದಲ್ಲಿ ಸಂಬಳ ಎಣಿಸಿದವನು ನಾನೇ ಮೊದಲಿಗ. ಅದರ ಹೆಮ್ಮೆಗೆ ಒಂದು ಸೈಕಲ್ಲನ್ನೂ ಇಟ್ಟುಕೊಂಡಿದ್ದೆ. ಒಂದು ದಿನ ಯಾವುದೋ ಜಮೀನಿನ ಖಾತೆಯ ಕೆಲಸಕ್ಕೆಂದು ದೊಡ್ಡತ್ತೆ ನಮ್ಮ ಕಚೇರಿಗೇ ಬಂದಳು. ದೂರದಿಂದ ಚೀಲ ಕಂಡೇ ನನ್ನ ಎದೆ ಧಸಕ್ಕೆಂದಿತು. ಜನ ನಮ್ಮ ಸಾಹೇಬರ ಮುಂದೆ ಬೆಣ್ಣೆ ತುಪ್ಪ ಇಡಲು ಹೋಗಿ ಬೈಸಿಕೊಂಡು ಬರುತ್ತಿದ್ದರು. ಅಷ್ಟು ಖಡಕ್ಕು ಮನುಷ್ಯ ಆತ. ಅಂಥವರ ಮೇಜಿನ ಮೇಲೆ ಇವಳು ಒಂದು ಬುಗುರಿ ಮತ್ತು ಅದರ ಚಾಟಿ ಇಟ್ಟಳು! ಸಾಹೇಬರು ಕನ್ನಡಕ ಕೆಳಗಿಳಿಸಿ ಏನಮ್ಮ ಇದು, ಲಂಚವೇ ಎಂದು ಗುಡುಗಿದರು. ನಾನು ಕಡತದ ಹಿಂದೆ ಮುಖ ಮರೆಸಿಕೊಂಡು, ಇವಳು ನನಗೆ ಅತ್ತೆಯೆಂದು ಯಾರಿಗೂ ತಿಳಿಯದಿರಲಿ ದೇವರೇ ಎಂದುಕೊಂಡೆ.

“ನಿಮ್ಗಲ್ಲ ಕಣ್ ಸೋಮಿ. ಬುಗುರಿ ನಿಮ್ಮ ಮಗೀಗೆ, ಚಾಟಿ ನಿಮ್ಗೆ” ಎಂದು ಹೇಳಿ, ನನ್ನ ಕಡೆ ತಿರುಗಿ, “ನಮ್ಮುಡ್ಗ ಇಲ್ಲೇ ಅವ್ನೆ, ಕೊಟ್ನಾ ಇಲ್ವಾ ಅಂತ ಕೇಳ್ತೀನಿ” ಎಂದು ಸೇರಿಸಿ ಹೊರಟುಹೋದಳು.

ನನ್ನ ಕೆಲಸ ಹೋಯಿತು ಎಂದೇ ತಿಳಿದೆ. ಹೋಗಲಿಲ್ಲ. ಒಂದು ವಾರ ಕಳೆದಿರಬೇಕು, ಮಧ್ಯಾಹ್ನ ಸಾಹೇಬರ ಮಗ, ನಾಲ್ಕೈದು ವರ್ಷದ ಮಗು, ಕೈಯಲ್ಲಿ ಬುಗುರಿ ಹಿಡಿದು ಕಚೇರಿಯ ಬಾಗಿಲಿಗೆ ಬಂದು ಗೋಳೋ ಎಂದು ಅಳತೊಡಗಿತು. ಚಾಟಿ ಅಪ್ಪನ ಕೋಟಿನ ಜೇಬಿನಲ್ಲಿತ್ತಲ್ಲ! ಸಾಹೇಬರು ಮೊದಲು ಗದರಿಸಿದರು, ಆಮೇಲೆ ಜವಾನನನ್ನು ಕರೆದರು, ಕೊನೆಗೆ ಅತ್ತಿತ್ತ ನೋಡಿ ಎದ್ದು ಬಂದು ಬುಗುರಿಗೆ ಚಾಟಿ ಸುತ್ತಿ ನೆಲಕ್ಕೆ ಬಿಟ್ಟರು. ಅದು ಮಗ್ಗುಲಾಗಿ ಬಿದ್ದು ಉರುಳಿ ಕಡತಗಳ ಬೀರುವಿನ ಕೆಳಗೆ ಹೋಯಿತು. ಕಂದಾಯ ಕಟ್ಟಲು ಬಂದು ಸಾಲಿನಲ್ಲಿ ನಿಂತಿದ್ದ ರೈತನೊಬ್ಬ ತಡೆಯಲಾರದೆ, ಚಾಟಿಯನ್ನು ಇನ್ನೊಸಿ ಬಿಗಿಯಾಗಿ ಸುತ್ತಬೇಕು ಎಂದು ಸಾಹೇಬರಿಗೇ ಬುದ್ಧಿ ಹೇಳಿದ. ಸಾಹೇಬರು ಸುತ್ತಿದರು, ಬಿಗಿಯಾಗಿಯೇ ಸುತ್ತಿದರು. ಆ ಮಧ್ಯಾಹ್ನ ನಮ್ಮ ಕಚೇರಿಯಲ್ಲಿ ಒಂದು ಕಾಗದಕ್ಕೂ ರುಜು ಬೀಳಲಿಲ್ಲ.

ಊರಿಗೆ ಬಂದು ಇದನ್ನು ಹೇಳಿ ನಗಬೇಕೆಂದುಕೊಂಡೆ. ಆದರೆ ಸೈಕಲ್ಲು ತುಳಿಯುತ್ತ ಬರುವಾಗ ಅದೇಕೋ ನಗು ಬರಲಿಲ್ಲ. ಆ ಮಗು ಬುಗುರಿ ತಿರುಗುವುದನ್ನು ನೋಡಲಿಲ್ಲ, ತನ್ನ ಅಪ್ಪ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿರುವುದನ್ನೇ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಅದು ನನ್ನ ಕಣ್ಣಿನಿಂದ ಹೋಗಲಿಲ್ಲ.

ನನಗೂ ಒಂದು ಮಗು ಇತ್ತಲ್ಲ. ಮೂರು ವರ್ಷದವಳು. ಮನೆಯ ಎತ್ತು ಎಷ್ಟು ಭಾರ ಎಳೆಯುತ್ತದೆ ಎಂದು ನನಗೆ ಗೊತ್ತಿತ್ತು, ನನ್ನ ಮಗಳು ಎಷ್ಟು ಭಾರವಿದ್ದಾಳೆ ಎಂದು ಗೊತ್ತಿರಲಿಲ್ಲ. ತಾತ ಎತ್ತಿಕೊಳ್ಳುತ್ತಿದ್ದರು, ಆಳುಗಳು ಎತ್ತಿಕೊಳ್ಳುತ್ತಿದ್ದರು, ಬಳೆ ಮಾರುವ ಶೆಟ್ಟಿ ಕೂಡ ಬಂದಾಗಲೆಲ್ಲ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ! ನಾನು ಕಂಬದ ಪಕ್ಕ ನಿಂತು ಬೇರೆ ಕಡೆ ನೋಡುತ್ತಿದ್ದೆ. ಆ ಸಂಜೆ ನಾನು ಮನೆಗೆ ಬಂದಾಗ ದೊಡ್ಡತ್ತೆ ಅಂಗಳದಲ್ಲಿ ಮಗಳನ್ನು ಕೂರಿಸಿಕೊಂಡು ರಾಗಿ ಹಸನು ಮಾಡುತ್ತಿದ್ದಳು. ನನ್ನನ್ನು ತೋರಿಸಿ, ಇವನು ಯಾರು ಹೇಳು ಎಂದು ಕೇಳಿದಳು. ಮಗಳು ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಿ ಹೇಳಿದಳು:

“ಸೈಕಲ್ ಮಾಮ.”

ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವುದಕ್ಕೋ ಅಳುವುದಕ್ಕೋ ನನಗೆ ತಿಳಿಯಲಿಲ್ಲ. ಅಷ್ಟು ಹೊತ್ತಿನವರೆಗೆ ದೊಡ್ಡತ್ತೆ ಮಾಡಿದ ಅವಾಂತರಗಳಿಗೆಲ್ಲ ಬೆಚ್ಚಿಬಿದ್ದಿದ್ದ ನಾನು ಈ ಎರಡು ಮಾತಿಗೆ ಬೆಚ್ಚಿದ ಹಾಗೆ ಯಾವುದಕ್ಕೂ ಬೆಚ್ಚಿರಲಿಲ್ಲ. ಅಪ್ಪನೆಂದರೆ ಯಾರೆಂದು ಈ ಮಗುವಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದವನು ನಾನೇ ಅಲ್ಲವೇ? ದೊಡ್ಡತ್ತೆ ಮೊರ ಕೆಳಗಿಟ್ಟು, ಬೆಳ್ಳೂರಿನ ಕೊಕ್ಕರೆಗಳಿಗೆ ಇರುವಷ್ಟು ಬುದ್ಧಿ ಈ ಮನೆಯ ಗಂಡಸರಿಗಿಲ್ಲ, ಅಲ್ಲಿ ಗಂಡು ಹಕ್ಕಿಯೂ ಮರಿಗೆ ಗುಟುಕು ಕೊಡುತ್ತದೆ ಎಂದು ಜಗುಲಿಗೆ ಕೇಳುವ ಹಾಗೆ ಹೇಳಿದಳು.

ಮುಂದಿನ ಭಾನುವಾರ ನಾನು ಊಟ ಮಾಡಿ ಮಲಗಿ ಎದ್ದು ಹೊರಗೆ ಬಂದರೆ, ಊರಿನ ಆಚಾರಿ ನನ್ನ ಸೈಕಲ್ಲಿನ ಪಕ್ಕದಲ್ಲಿ ಕೂತು ಕೊಡತಿಯಲ್ಲಿ ಏನೋ ಬಡಿಯುತ್ತಿದ್ದಾನೆ! ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ಕಂಬಿಯ ಮೇಲೆ ಅಂಗೈಯಗಲದ ಒಂದು ಪುಟ್ಟ ಮಣೆ. ಹಳೆಯ ಗಾಡಿಯ ಪಟ್ಟಿಯ ಚೂರಿನಿಂದ ಅದನ್ನು ಅಲ್ಲಾಡದಂತೆ ಬಿಗಿದಿದ್ದ. ಊರಿಗೆಲ್ಲ ಇದ್ದದ್ದು ಅದೊಂದೇ ಸೈಕಲ್ಲು, ಅದನ್ನು ತುಳಿಯಲು ಬರುತ್ತಿದ್ದವನು ನಾನೊಬ್ಬನೇ. ಎಂದರೆ ನಿಮಗೆ ಅರ್ಥವಾಯಿತಲ್ಲ? ಮಣೆ ಮಗಳಿಗೆ. ಈ ಸಲದ ಉಡುಗೊರೆಯ ಇನ್ನರ್ಧ ಸಾಕ್ಷಾತ್ ನಾನೇ! ಇದರ ಒಳಮರ್ಮ ನನಗೆ ಹೊಳೆಯುವಷ್ಟರಲ್ಲಿ ಮಗಳು ಮಣೆಯನ್ನು ನೋಡಿಯಾಗಿತ್ತು, ಅದು ತನ್ನದೆಂದು ದೊಡ್ಡತ್ತೆಯಿಂದ ಕೇಳಿಯಾಗಿತ್ತು.

ಜಗುಲಿಯ ಮೇಲೆ ದೊಡ್ಡ ಪಂಚಾಯಿತಿಯೇ ನಡೆಯಿತು. ಮಗುವನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡರೆ ಅದು ಎತ್ತಿಕೊಂಡ ಲೆಕ್ಕವೋ ಅಲ್ಲವೋ? ಎತ್ತಿಕೊಂಡ ಹಾಗೆಯೇ ಎಂದು ಒಬ್ಬ ಹಿರಿಯರು. ಕೈಗಳ ನಡುವೆ ಇರುತ್ತದಲ್ಲ, ಹಾಗಾಗಿ ಅರ್ಧ ಎತ್ತಿಕೊಂಡಂತೆ ಎಂದು ಇನ್ನೊಬ್ಬರು. ದೊಡ್ಡತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತೀರಲ್ಲ, ಆಗ ಹೊತ್ತುಕೊಂಡಿರುವುದು ನೀವೋ ಎತ್ತುಗಳೋ ಎಂದು ಕೇಳಿದಳು. ಎಲ್ಲರೂ ಅಪ್ಪನ ಮುಖ ನೋಡಿದರು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ದೊಡ್ಡತ್ತೆಯೇ ಮಗಳನ್ನು ಎತ್ತಿ ಮಣೆಯ ಮೇಲೆ ಕೂರಿಸಿದಳು.

ಮೊದಲು ಅವಳು ಕೊರಡಿನ ಹಾಗೆ ಸೆಟೆದು ಕೂತಿದ್ದಳು. ಸೈಕಲ್ ಮಾಮನ ಮೇಲೆ ನಂಬಿಕೆ ಹೇಗೆ ಬಂದೀತು? ಹೆದ್ದಾರಿಗೆ ಬಂದ ಮೇಲೆ ಗಂಟೆ ಬಾರಿಸುವುದು ಹೇಗೆಂದು ತೋರಿಸಿದೆ. ಅಷ್ಟೇ ಸಾಕಾಯಿತು! ನಿಡಘಟ್ಟದವರೆಗೂ ಗಂಟೆ ಬಾರಿಸಿದಳು. ಕಬ್ಬಿನ ಗಾಡಿಗಳಿಗೆ ಬಾರಿಸಿದಳು, ದನಗಳಿಗೆ ಬಾರಿಸಿದಳು, ಯಾರೂ ಇಲ್ಲದ ಬಯಲಿಗೂ ಬಾರಿಸಿದಳು. ಗಾಡಿಯವನೊಬ್ಬ ಒಂದು ಜಲ್ಲೆ ಕಬ್ಬು ಕೊಟ್ಟ. ಅದನ್ನು ಸಿಗಿದು ಅವಳಿಗೆ ಚೂರು ಚೂರು ತಿನ್ನಿಸಿದೆ. ಬರುವಾಗ ಅವಳ ತಲೆ ನನ್ನ ಗದ್ದದ ಕೆಳಗೆ ಇತ್ತು. ಮಗಳ ಕೂದಲಿನಿಂದ ಯಾವ ವಾಸನೆ ಬರುತ್ತದೆ ಎಂದು ನನಗೆ ತಿಳಿದದ್ದು ಆಗಲೇ. ಪರೀಕ್ಷೆ ಪಾಸಾದ ದಿನವಾಗಲಿ, ಕೆಲಸ ಸಿಕ್ಕಿದ ದಿನವಾಗಲಿ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ.

ಮನೆಯ ಮುಂದೆ ಬಂದು ಕಾಲು ಊರಿ ನಿಂತೆ. ಇಳಿಸಿಕೊಳ್ಳಬೇಕಾದ ದೊಡ್ಡತ್ತೆ ಎಲ್ಲಿ? ಇಲ್ಲ! ನನ್ನ ಹೆಂಡತಿ ಬಾಗಿಲ ಸಂದಿಯಿಂದ ಇಣುಕುತ್ತಿದ್ದಳು, ಬರಲು ಹೊರಟವಳನ್ನು ಒಳಗಿನಿಂದ ಯಾರೋ ಹಿಡಿದು ನಿಲ್ಲಿಸಿದ್ದರು. ಯಾರೆಂದು ಹೇಳಬೇಕೇ? ಜಗುಲಿಯ ಮೇಲೆ ಅಪ್ಪ, ಅವರ ಎಡಬಲಕ್ಕೆ ಊರಿನ ಹಿರಿಯರು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ನಾನು ಸೈಕಲ್ಲು ಹಿಡಿದು ಬೆವರುತ್ತ ನಿಂತಿದ್ದೇನೆ. ಮಗಳು ಕಾಯುವಷ್ಟು ಕಾದಳು. ಆಮೇಲೆ ಹಿಂದಕ್ಕೆ ತಿರುಗಿ ಎರಡೂ ತೋಳು ಚಾಚಿ ನನ್ನ ಮೇಲೆ ಬಿದ್ದಳು.

ನಾನು ಹಿಡಿದುಕೊಂಡೆ. ಇನ್ನೇನು ಮಾಡಲಿ? ಸೈಕಲ್ಲು ಧಡಾರನೆ ಬಿತ್ತು. ಅವಳು ನನ್ನ ಕುತ್ತಿಗೆ ತಬ್ಬಿಕೊಂಡು, ಸೈಕಲಪ್ಪ ಬಿದ್ದೋಯ್ತು ನೋಡು ಎಂದಳು. ಬಿದ್ದದ್ದು ಸೈಕಲ್ಲೋ ನಾನೋ, ಅವಳ ಲೆಕ್ಕದಲ್ಲಿ ಎರಡೂ ಒಂದೇ ಆಗಿತ್ತೇನೋ. ಅಪ್ಪ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ಕೊಟ್ಟಿಗೆಯ ಕಡೆ ನಡೆದುಬಿಟ್ಟರು.

ಅಲ್ಲಿಂದ ಮುಂದೆ ದಿನವೂ ಅದೇ. ಸಂಜೆ ನನ್ನ ಸೈಕಲ್ಲಿನ ಗಂಟೆ ಬೀದಿಯ ಕೊನೆಯಲ್ಲಿ ಕೇಳಿಸಿತೋ, ಅಪ್ಪ ಜಗುಲಿಯಿಂದ ಏಳುವರು, ಕೊಟ್ಟಿಗೆಗೆ ಹೋಗುವರು. ಜೊತೆಗಿದ್ದ ಹಿರಿಯರೂ ಮುಖ ಮುಖ ನೋಡಿಕೊಂಡು ಎದ್ದು ಹೋಗುವರು. ಎಷ್ಟೋ ವರ್ಷಗಳಿಂದ ದೀಪ ಹಚ್ಚುವ ತನಕ ತುಂಬಿರುತ್ತಿದ್ದ ಜಗುಲಿ ಬರಿದಾಯಿತು. ಅವ್ವ ನನ್ನನ್ನು ಕರೆದು ಹೇಳಿಯೂಬಿಟ್ಟಳು. “ನಿಮ್ಮಪ್ಪನ್ನ ಜಗುಲಿಯಿಂದ ಎಬ್ಬಿಸ್ಬುಟ್ಟೆ ಕಣಪ್ಪ.”

ನನಗೆ ಅನ್ನ ಸೇರದ ಹಾಗಾಯಿತು. ಮಗಳು ದಿನವೂ ಬಾಗಿಲಲ್ಲಿ ಕಾದಿರುತ್ತಿದ್ದಳು, ಓಡಿ ಬಂದು ಕಾಲು ಕಟ್ಟಿಕೊಳ್ಳುತ್ತಿದ್ದಳು, ಅವಳ ಬಾಯಲ್ಲಿ ಸೈಕಲಪ್ಪ ಹೋಗಿ ಬರಿಯ ಅಪ್ಪ ಉಳಿದಿದ್ದ. ಆದರೆ ಅವಳು ನನ್ನನ್ನು ಅಪ್ಪ ಎಂದು ಕರೆಯುವ ಹೊತ್ತಿಗೆ ಸರಿಯಾಗಿ ನನ್ನ ಅಪ್ಪ ನನಗೆ ಬೆನ್ನು ತಿರುಗಿಸಿ ಹೋಗುತ್ತಿದ್ದರು. ಮಗಳನ್ನು ಪಡೆಯಲು ಅಪ್ಪನನ್ನು ಕಳೆದುಕೊಂಡೆನಲ್ಲ ಎಂದು ಸಂಕಟ. ಮಣೆಯನ್ನು ಕಿತ್ತುಹಾಕಿಬಿಡೋಣವೆಂದು ಒಂದು ದಿನ ಸುತ್ತಿಗೆ ಹಿಡಿದು ಹೋದೆ. ಮಗಳು ಅದರ ಮೇಲೆ ಹತ್ತಿ ಕೂತು, ಹೊರಡು ಎಂದಳು. ಸುತ್ತಿಗೆ ಒಳಗಿಟ್ಟು ಹೊರಟೆ.

ಹೀಗಿರುವಾಗ ಯುಗಾದಿ ಬಂತು. ಹಬ್ಬದ ಬೆಳಗ್ಗೆ ನಮ್ಮ ಕಡೆ ಗಂಡಸರೆಲ್ಲ ಮೈಗೆ ತಲೆಗೆ ಹರಳೆಣ್ಣೆ ಬಳಿದುಕೊಂಡು ಬಿಸಿಲಿಗೆ ಕೂರುತ್ತಾರೆ, ಆಮೇಲೆ ಹಂಡೆಯ ಬಿಸಿನೀರು. ಹಿಂದಿನ ದಿನವೇ ಮಳವಳ್ಳಿಯಿಂದ ಬಂದಿದ್ದ ದೊಡ್ಡತ್ತೆ ತಾನೇ ಹರಳು ಹುರಿದು, ಕುಟ್ಟಿ, ಕಾಸಿ ಇಳಿಸಿದ ಎಣ್ಣೆಯನ್ನು ಒಂದು ಬಟ್ಟಲಿನಲ್ಲಿ ಹಿಡಿದು ಹಿತ್ತಿಲಿಗೆ ಬಂದಳು. ನಾನು ಪಂಚೆ ಎತ್ತಿಕಟ್ಟಿ ಬಾವಿಯ ಹತ್ತಿರ ನಿಂತಿದ್ದೆ. ಅಪ್ಪ ನುಗ್ಗೆ ಮರದ ಕೆಳಗೆ ಕೂತಿದ್ದರು. ನಮ್ಮಿಬ್ಬರ ನಡುವೆ ಮಾತು ನಿಂತು ಎರಡು ತಿಂಗಳ ಮೇಲಾಗಿತ್ತು. ದೊಡ್ಡತ್ತೆ ಬಟ್ಟಲನ್ನು ಅಪ್ಪನ ಕೈಗೆ ಕೊಟ್ಟಳು.

“ಇದ ನಿನ್ ಮಗನ ತಲೆಗೆ ನೀನೇ ಇಕ್ಬೇಕು ಕಣ್ಲಾ. ಅರ್ಧ ನಿನ್ ಕೈಲದೆ, ಇನ್ನರ್ಧ ಅಲ್ಲಿ ನಿಂತದೆ.”

ಇಷ್ಟು ಹೇಳಿ ಒಳಗೆ ಹೋದಳು. ನಾನು ಕಂಬದ ಹಾಗೆ ನಿಂತೆ. ಮೂವತ್ತು ವರ್ಷದವನು ನಾನು, ಮೀಸೆ ಬಂದವನು, ಸರ್ಕಾರದ ಗುಮಾಸ್ತ! ಅಪ್ಪ ಬಟ್ಟಲನ್ನು ಎತ್ತಿ ಬಾವಿಗೆ ಎಸೆಯುತ್ತಾರೆ ಎಂದೇ ತಿಳಿದೆ. ಅವರು ಎಣ್ಣೆಯನ್ನೇ ತುಂಬ ಹೊತ್ತು ನೋಡುತ್ತಿದ್ದರು. ಆಮೇಲೆ ತಮ್ಮ ಮುಂದಿದ್ದ ಮಣೆಯನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದರು.

“ಕೂತ್ಕ.”

ಬೆನ್ನು ತಿರುಗಿಸಿ ಕೂತೆ. ಅಪ್ಪನ ಕೈ ನನ್ನ ಮೈಗೆ ತಾಗಿದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ನೆತ್ತಿಗೆ ಎಣ್ಣೆ ಸುರಿದು ಗಸಗಸ ತಿಕ್ಕಿದರು. ಎತ್ತಿನ ಮೈ ತಿಕ್ಕಿ ಅಭ್ಯಾಸವಾದ ಕೈ, ನನ್ನನ್ನೂ ಹಾಗೆಯೇ ತಿಕ್ಕಿತು. ಕತ್ತು ಮುರಿದೀತೆಂದು ಹಲ್ಲು ಕಚ್ಚಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಕೈ ನಿಧಾನವಾಯಿತು. ಒಂದು ಬೆರಳು ಕೂದಲ ಒಳಗೆ ಸರಿದು, ಹುಡುಕದೆ ತಡವರಿಸದೆ, ಬಲಗಿವಿಯ ಹಿಂದೆ ಒಂದು ಜಾಗಕ್ಕೆ ಬಂದು ನಿಂತಿತು. ಅಲ್ಲಿ ನನಗೊಂದು ಹಳೆಯ ಗಾಯದ ಗುರುತಿದೆ. ನನ್ನ ಹೆಂಡತಿಗೂ ಅದು ಗೊತ್ತಿಲ್ಲ.

“ರೋಣಗಲ್ಲು” ಎಂದರು ಅಪ್ಪ.

ಐದು ವರ್ಷದವನಿದ್ದಾಗ ಕಣದಲ್ಲಿ ಓಡುತ್ತ ಎಡವಿ ಹುಲ್ಲು ಒಕ್ಕುವ ಆ ಕಲ್ಲಿಗೆ ತಲೆ ಒಡೆದುಕೊಂಡಿದ್ದೆ. ಮೈಯೆಲ್ಲ ರಕ್ತ. ಅವ್ವ, ಆಳುಗಳು, ಬೀದಿಯವರು, ಎಲ್ಲರ ಕೈಯಿಂದ ಕೈಗೆ ಹೋಗಿದ್ದೆ. ಅಪ್ಪ ಮಾತ್ರ ಕಂಬದ ಹತ್ತಿರ ಕೈಕಟ್ಟಿ ನಿಂತಿದ್ದು, ಆಮೇಲೆ ಗದ್ದೆಯ ಕಡೆ ಹೊರಟುಹೋಗಿದ್ದರು. ನನ್ನ ತಲೆಯಲ್ಲಿ ಗಾಯವಾದದ್ದು ಎಲ್ಲೆಂದು ಅವರಿಗೆ ಗೊತ್ತೇ ಇಲ್ಲವೆಂದು ನಾನು ಇಷ್ಟು ವರ್ಷವೂ ನಂಬಿದ್ದೆ.

“ನಮ್ಮಪ್ಪ ಜಗುಲಿ ಮ್ಯಾಲೆ ಕುಂತಿದ್ರು ಕಣ್ಲಾ ಅವತ್ತು” ಎಂದರು ಅಪ್ಪ, ಹಿಂದಿನಿಂದ. “ಅವ್ರು ಎದ್ದೋಗ್ಲೇ ಇಲ್ಲ.”

ಸಂಜೆಯಾದರೆ ಸೈಕಲ್ಲಿನ ಗಂಟೆ ಕೇಳಿ ಅವರು ಏಕೆ ಎದ್ದು ಹೋಗುತ್ತಿದ್ದರು, ಜೊತೆಯ ಹಿರಿಯರನ್ನೂ ಏಕೆ ಎಬ್ಬಿಸಿಕೊಂಡು ಹೋಗುತ್ತಿದ್ದರು ಎಂದು ಆಗ ತಿಳಿಯಿತು. ತಿರುಗಿ ಅವರ ಮುಖ ನೋಡುವ ಧೈರ್ಯವಾಗಲಿಲ್ಲ. ನೋಡಿದ್ದರೆ ಅವರು ಬಟ್ಟಲು ಕೆಳಗಿಟ್ಟು ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರೇನೋ. ಅಪ್ಪ ಬೆರಳನ್ನು ಎಣ್ಣೆಯಲ್ಲಿ ಅದ್ದಿ ಆ ಗುರುತಿನ ಮೇಲೆ ಮೆಲ್ಲಗೆ, ಹಸಿ ಗಾಯವನ್ನು ಮುಟ್ಟುವ ಹಾಗೆ ಸವರಿದರು.

“ಬಾಳ ನೋವಾಯ್ತೇನ್ಲಾ?”

“ಊ ಕಣಪ್ಪ” ಎಂದೆ. “ಬಾಳ ನೋವಾಯ್ತು.”